ಆತಿಥೇಯ ರೈತನೂ ವಿದ್ಯಾರ್ಥಿಯ ದಿನಚರಿಯೂ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಂದು ಆಧಾರವಿಚಾರ

ಗ್ರಾಮಜೀವನದ ಇತಿಹಾಸವನ್ನು ಬರೆಯಹೊರಟವನಿಗೆ ದೊರೆಯುವ ಆಧಾರಗಳು ಬಹುಮಟ್ಟಿಗೆ ಸರಕಾರದ ಕಡೆಯಿಂದ ಬಂದವು. ಮೋಜಣಿಯ ಕಡತ, ಪಹಣಿ, ನ್ಯಾಯಾಲಯದ ತೀರ್ಪು, 1884ರಲ್ಲಿ ಪ್ರಕಟವಾದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರು ಇವೆಲ್ಲವೂ ರೈತನನ್ನು ಕಂದಾಯ ಕೊಡತಕ್ಕವನೆಂದು ಕಂಡವೇ ಹೊರತು ಅವನ ಮನೆಯೊಳಗೆ ಕಾಲಿಟ್ಟವಲ್ಲ. ಈಚಿನ ಕೆಲವು ದಶಕಗಳಲ್ಲಿ ಬೇರೊಂದು ಬಗೆಯ ಬರಹವು ಸದ್ದಿಲ್ಲದೆ ಬೆಳೆದು ನಿಂತಿದೆ. ಕೃಷಿ ಮತ್ತು ತೋಟಗಾರಿಕೆಯ ಕಾಲೇಜುಗಳ ವಿದ್ಯಾರ್ಥಿಗಳು ಪದವಿಯ ಅಂತಿಮ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು, ಒಬ್ಬೊಬ್ಬ ರೈತನನ್ನು ಆಶ್ರಯಿಸಿ, ಅವನೊಡನೆ ದುಡಿದು ನೋಡಿ ಬರೆದಿಡುವ ದಿನಚರಿಗಳೂ ವರದಿಗಳೂ ಇವು. ಇತಿಹಾಸದ ಅಭ್ಯಾಸಿಗಳಾದ ನಾವು ಇವುಗಳತ್ತ ಇನ್ನೂ ಕಣ್ಣು ಹೊರಳಿಸಿಲ್ಲ. ಇವುಗಳನ್ನು ಆಧಾರಗಳೆಂದು ಹೇಗೆ ಓದಬೇಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪದ್ಧತಿಯ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಈ ವ್ಯಾಸಂಗಕ್ರಮವನ್ನು ಕೃಷಿ ಪದವಿಯ ಅಂಗವಾಗಿಸಬೇಕೆಂದು ರಂಧಾವಾ ಸಮಿತಿಯು 1992ರಲ್ಲಿ ಶಿಫಾರಸು ಮಾಡಿತು. 2015ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ 'ಸ್ಟೂಡೆಂಟ್ ರೆಡಿ' ಯೋಜನೆಯಲ್ಲಿ ಅದು ಸೇರಿಕೊಂಡಿತು. ವಿದ್ಯಾರ್ಥಿಗಳ ತಂಡವು ಹಳ್ಳಿಗೆ ಬಂದು ಬೀಡುಬಿಡುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಆತಿಥೇಯ ರೈತನು ಗೊತ್ತಾಗುತ್ತಾನೆ. ಮಣ್ಣಿನ ಮಾದರಿ ತೆಗೆಯುವುದು, ಬೀಜೋಪಚಾರವನ್ನು ಮಾಡಿತೋರಿಸುವುದು, ಊರಿನ ನಕ್ಷೆಯನ್ನು ಜನರಿಂದಲೇ ನೆಲದ ಮೇಲೆ ರಂಗೋಲಿಯ ಪುಡಿಯಲ್ಲಿ ಬರೆಯಿಸುವುದು ಮುಂತಾದವು ನಿಯಮಿತ ಕಾರ್ಯಗಳು. ಇವುಗಳ ನಡುವೆ ರೈತನ ಬೆಳೆ, ಖರ್ಚು, ದನಕರು, ಸಾಲಗಳ ವಿವರವೂ ಪುಸ್ತಕಕ್ಕೆ ಏರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿದೆ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವೂ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ಈ ಸೀಮೆಯಲ್ಲಿಯೇ ಇರುವುದರಿಂದ ಇಲ್ಲಿಯ ರೈತರಿಗೆ ವಿದ್ಯಾರ್ಥಿಗಳು ಹೊಸಬರಲ್ಲ. ಅದಕ್ಕಿಂತ ಮುಖ್ಯವಾದುದು ನೀರಿನ ಮಾತು. ಘಟಪ್ರಭೆಗೆ ಧೂಪದಾಳದಲ್ಲಿ ಕಟ್ಟಿದ ಒಡ್ಡು ಹತ್ತೊಂಬತ್ತನೆಯ ಶತಮಾನದ ಕೊನೆಯದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವು 1977ರಲ್ಲಿ ಪೂರ್ಣವಾಯಿತು. ಅದರ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಇವುಗಳ ನಡುವೆ, 1969ರಲ್ಲಿ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಹುಟ್ಟಿತು. ಕಾಲುವೆಯೂ ವಿದ್ಯುತ್ತೂ ಮುಟ್ಟಿದ ಹೊಲದಲ್ಲಿ ಕಬ್ಬು, ಅರಿಷಿಣ. ಮುಟ್ಟದ ಹೊಲದಲ್ಲಿ ಮಳೆಯನ್ನೇ ನಂಬಿದ ಜೋಳ, ಗೋವಿನಜೋಳ. ಒಂದೇ ಸೀಮೆಯಲ್ಲಿ ಎರಡು ಬಗೆಯ ಒಕ್ಕಲುತನಗಳು ಮಗ್ಗುಲಲ್ಲಿಯೇ ನಿಂತಿವೆ. ಆದುದರಿಂದ ವಿದ್ಯಾರ್ಥಿಯು ಯಾವ ಮನೆಯಲ್ಲಿ ಕುಳಿತು ಬರೆದನೆಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ.

ಹಳ್ಳಿಯನ್ನು ಕಂಡು ಬರೆಯುವ ಕೆಲಸವೇನೋ ಹಳೆಯದು. ಬೆಳಗಾವಿಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಅವರು ಪಿಂಪಳೆ ಸೌದಾಗರ ಎಂಬ ಹಳ್ಳಿಯ ಅಧ್ಯಯನವನ್ನು 1917ರಲ್ಲಿ ಪ್ರಕಟಿಸಿದರು. ಅಲ್ಲಿ 1771ರಲ್ಲಿ ಸರಾಸರಿ 40 ಎಕರೆಯಷ್ಟಿದ್ದ ಹಿಡುವಳಿಯು 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತೆಂಬುದನ್ನು ಅವರು ತೋರಿಸಿಕೊಟ್ಟರು. ಅದೇ ಕಾಲದಲ್ಲಿ ಮದರಾಸು ವಿಶ್ವವಿದ್ಯಾಲಯದ ಗಿಲ್ಬರ್ಟ್ ಸ್ಲೇಟರ್ ಅವರು ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿಯನ್ನು ಕೊಟ್ಟು ಅವರವರ ಊರುಗಳ ವಿಚಾರಣೆ ಮಾಡಿಸಿ, ಫಲಿತಾಂಶವನ್ನು 1918ರಲ್ಲಿ ಪುಸ್ತಕವಾಗಿ ತಂದರು. ಆ ಬರಹಗಳು ಉಳಿದುಬಂದುದರಿಂದಲೇ 1936-37ರಲ್ಲಿ ಆ ಊರುಗಳನ್ನು ಮರಳಿ ಸಮೀಕ್ಷಿಸುವುದು ಸಾಧ್ಯವಾಯಿತು. ವಿದ್ಯಾರ್ಥಿಯ ವರದಿಯೆಂದು ತಾತ್ಸಾರ ಮಾಡುವವರು ಇದನ್ನು ನೆನೆಯಬೇಕು.

ಆತಿಥೇಯನ ಪ್ರಶ್ನೆಯನ್ನು ನಮಗೆ ಚೆನ್ನಾಗಿ ಮನಗಾಣಿಸುವವರು ಎಂ. ಎನ್. ಶ್ರೀನಿವಾಸರು. 1948ರಲ್ಲಿ ಅವರು ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ ಇಳಿದುಕೊಂಡಿದ್ದರು. ಆ ಹಳ್ಳಿಗೆ ರಾಂಪುರವೆಂಬ ಕಲ್ಪಿತ ಹೆಸರನ್ನು ಕೊಟ್ಟು 1976ರಲ್ಲಿ ಗ್ರಂಥವನ್ನು ಬರೆದಾಗ, ಪಟೇಲರ ಆಶ್ರಯವು ತಮಗೆ ತೆರೆದ ಬಾಗಿಲುಗಳನ್ನೂ ಮುಚ್ಚಿದ ಬಾಗಿಲುಗಳನ್ನೂ ಅವರು ಮರೆಮಾಚಲಿಲ್ಲ. ಅಂತಹ ಪ್ರಾಂಜಲತೆಯನ್ನು ನಮ್ಮ ದಿನಚರಿಗಳಲ್ಲಿ ಕಾಣುವುದು ಅಪರೂಪ.

ಕಾಲೇಜಿನವರು ಆತಿಥೇಯನನ್ನು ಆರಿಸುವಾಗ ಸಹಜವಾಗಿ ಹೊಲ ನೀರು ಉಳ್ಳವನನ್ನು, ಹೊಸ ಪ್ರಯೋಗಕ್ಕೆ ಒಂದೆರಡು ಗುಂಟೆ ಬಿಟ್ಟುಕೊಡಬಲ್ಲವನನ್ನು, ನಾಲ್ಕು ಜನ ಬಂದರೆ ಕೂಡಿಸಿ ಉಪಚರಿಸಬಲ್ಲವನನ್ನು ನೋಡುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಪರಿಣಾಮವನ್ನು ಗಮನಿಸಬೇಕು. ಕಾಲುವೆಯ ತಲೆಯ ಕಡೆಯ ಹೊಲವು ದಿನಚರಿಯಲ್ಲಿ ಮೇಲಿಂದ ಮೇಲೆ ಬರುತ್ತದೆ, ಬಾಲದ ಕಡೆಯದು ಬರುವುದಿಲ್ಲ. ಲಾವಣಿಗೆ ಹೊಲ ಹಿಡಿದವನು, ಕೂಲಿಯವಳು, ಹಿಡಕಲ್ಲಿನ ನೀರಿಗೆ ಊರು ಕಳೆದುಕೊಂಡ ಮನೆತನದವರು ಇವರೆಲ್ಲ ಆತಿಥೇಯನ ಮಾತಿನಲ್ಲಿ ಹಾದುಹೋಗುವವರು ಮಾತ್ರ. ಆತಿಥೇಯನ ಮನೆಯಲ್ಲಿಯೂ ಹೆಣ್ಣುಮಕ್ಕಳ ದುಡಿಮೆಗೆ ದೊರೆಯುವ ಜಾಗ ಕಡಿಮೆ. ಹೈನದ ಲೆಕ್ಕವನ್ನು ಯಜಮಾನನಿಂದ ಕೇಳಿ ಬರೆಯಲಾಗುತ್ತದೆ. ಹಾಲು ಹಿಂಡುವವಳು ಆ ಹೊತ್ತಿಗೆ ವಿದ್ಯಾರ್ಥಿಗಳಿಗಾಗಿ ರೊಟ್ಟಿ ಬಡಿಯುತ್ತಿರುತ್ತಾಳೆ.

ಋತುವಿನ ಮಿತಿಯೂ ಉಂಟು. ಸಾಮಾನ್ಯವಾಗಿ ಮುಂಗಾರಿನಲ್ಲಿ ಬಂದ ತಂಡವು ಕಬ್ಬು ನುರಿಸುವ ಹಂಗಾಮು ರಂಗೇರುವ ಹೊತ್ತಿಗೆ ಮರಳುತ್ತದೆ. ಹೀಗಾಗಿ ಕಬ್ಬು ಬೆಳೆಯುವುದನ್ನು ಬಲ್ಲ ದಿನಚರಿಗೆ ಕಬ್ಬು ಮಾರುವುದು ತಿಳಿಯದು. ಕಟಾವಿನ ಟೋಳಿಗಾಗಿ ಕಾಯುವುದು, ತೂಕದ ಸಂಶಯ, ಬಾಕಿಯ ಹಣ ಇವು ಯಾವುವೂ ಅದರಲ್ಲಿಲ್ಲ. 2025ರ ನವೆಂಬರದಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೆಲೆಯನ್ನು ಕೇಳಿ ಧರಣಿ ಕುಳಿತರು. ಸರಕಾರವು 3,300 ರೂಪಾಯಿ ಎಂದು ಘೋಷಿಸಿತು. ಮುಂದೊಮ್ಮೆ ಆ ಧರಣಿಯ ಇತಿಹಾಸವನ್ನು ಬರೆಯುವವನು ದಿನಚರಿಗಳನ್ನು ಮಾತ್ರ ನೆಚ್ಚಿದರೆ ಅದರ ಬೇರು ಅವನಿಗೆ ಸಿಕ್ಕದು.

ಇಷ್ಟಾದರೂ ಪ್ರಶ್ನಾವಳಿಗೆ ಎಂದೂ ಸಿಕ್ಕದ ಸಂಗತಿಗಳು ಮನೆಯಲ್ಲಿ ಉಳಿದವನಿಗೆ ಸಿಕ್ಕುತ್ತವೆಂಬುದನ್ನು ಒಪ್ಪಲೇಬೇಕು. ನಾವು ನೋಡಿದ ದಿನಚರಿಯೊಂದರಲ್ಲಿ, ನೀರಾವರಿ ಎಂಬ ತಲೆಬರಹದ ಕೆಳಗೆ ಮೊದಲ ವಾರ 'ಕಾಲುವೆ' ಎಂಬ ಒಂದೇ ಪದವಿತ್ತು. ಆರನೆಯ ವಾರದಲ್ಲಿ ಎರಡು ಪುಟಗಳಿದ್ದವು. ವಿದ್ಯಾರ್ಥಿಯು ರಾತ್ರಿಯ ಪಾಳಿಗೆ ರೈತನ ಸಂಗಡ ಹೋಗಿದ್ದನು. ಮೇಲಿನ ಹೊಲದವರು ಮಡಿಯನ್ನು ಯಾವಾಗ ಕಟ್ಟಿದರು, ನೀರು ಎಷ್ಟು ತಡವಾಗಿ ಬಂದಿತು, ಅದಕ್ಕಾಗಿ ಯಾರು ಯಾರೊಡನೆ ಜಗಳವಾಡಿದರು ಎಂಬುದೆಲ್ಲ ಅಲ್ಲಿತ್ತು. ಇದಕ್ಕೆ ಅಂಕ ಬಂದಿರಲಿಲ್ಲ. ನಮೂನೆಯಲ್ಲಿ ಅದಕ್ಕೊಂದು ಕಲಮು ಇರಲಿಲ್ಲ.

ಹುಕ್ಕೇರಿ ಕಡೆಯ ಹಳ್ಳಿಯೊಂದರಲ್ಲಿ, ಹಲವು ವರ್ಷ ವಿದ್ಯಾರ್ಥಿಗಳನ್ನು ಇಟ್ಟುಕೊಂಡ ಹಿರಿಯರೊಬ್ಬರನ್ನು ನಾವು ಮಾತಾಡಿಸಿದೆವು. ಹುಡುಗರ ಬಗೆಗೆ ಅವರಿಗೆ ಅಕ್ಕರೆಯೇ ಇತ್ತು. "ನಮ್ಮ ಮನೀ ಲೆಕ್ಕ ಎಲ್ಲಾ ಬರಕೊಂಡ ಹೋಗ್ಯಾರ್ರೀ ಸರ, ಅದ್ರಾಗ ಏನ ಬರದೈತಿ ಅನ್ನೂದು ನಮಗ ಗೊತ್ತಿಲ್ಲ" ಎಂದರು. ದೂರುವ ಧ್ವನಿ ಅದಾಗಿರಲಿಲ್ಲ. ಆದರೂ ನಮಗೆ ನಾಚಿಕೆಯಾಯಿತು. ಹದ ಬಂದ ಹೊತ್ತಿನಲ್ಲಿ ಕೂರಿಗೆ ನಿಲ್ಲಿಸಿ ಉತ್ತರ ಹೇಳಿದವನಿಗೆ ತನ್ನದೇ ಮಾತನ್ನು ಓದಿನೋಡುವ ಹಕ್ಕು ಇಲ್ಲದಿರುವುದು ನ್ಯಾಯವಲ್ಲ. ಓದಿಸಿದ್ದರೆ ತಪ್ಪುಗಳೂ ತಿದ್ದಿಹೋಗುತ್ತಿದ್ದವು.

ಆದುದರಿಂದ ಕೃಷಿ ಕಾಲೇಜುಗಳ ಅಧ್ಯಾಪಕಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟು. ದಿನಚರಿಯ ಮೊದಲ ಪುಟದಲ್ಲಿ ಆತಿಥೇಯನ ಹಿಡುವಳಿ, ನೀರಿನ ಮೂಲ, ಕಾಲುವೆಯಿದ್ದರೆ ಹೊಲವು ತಲೆಯಲ್ಲಿದೆಯೋ ಬಾಲದಲ್ಲಿದೆಯೋ ಎಂಬುದು, ಅವನನ್ನು ಆರಿಸಿದವರು ಯಾರೆಂಬುದು ದಾಖಲಾಗಲಿ. ವಾರಕ್ಕೊಂದು ದಿನವನ್ನು ವಿದ್ಯಾರ್ಥಿಯು ಹೊಲವಿಲ್ಲದವರ ಮನೆಯಲ್ಲಿ ಕಳೆಯಲಿ. ವರದಿಯ ಕನ್ನಡ ಪ್ರತಿಯೊಂದನ್ನು ಆತಿಥೇಯನಿಗೆ ಕೊಟ್ಟು, ಸಾಲದ ವಿವರ ಮುಂತಾಗಿ ಅವನು ಬೇಡವೆಂದುದನ್ನು ತೆಗೆದುಹಾಕಿ, ಇನ್ನೊಂದು ಪ್ರತಿಯನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಇರಿಸಬಹುದು. ನಮ್ಮ ಕಡೆಯಿಂದ, ಇತಿಹಾಸ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಹತ್ತು ವರ್ಷ ಹಳೆಯ ದಿನಚರಿಯೊಂದನ್ನು ಹಿಡಿದುಕೊಂಡು ಅದೇ ಮನೆಗೆ ಹೋಗಿ, ಅದನ್ನು ಓದಿಹೇಳಿ, ಮನೆಯವರು ಏನೆನ್ನುತ್ತಾರೆಂಬುದನ್ನು ಬರೆದುಕೊಂಡು ಬರಬಹುದು.