ಅಕ್ಯುಪಂಕ್ಚರ್: ನುಂಗಲು ಏನೂ ಇಲ್ಲದ ಚಿಕಿತ್ಸೆ, ಉಪವಾಸದ ದಿನ ಬೇಕಾದ ಎಚ್ಚರ

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಬೆಳಗಿನ ಹೊತ್ತು ದೊಡ್ಡಬೊಮ್ಮಸಂದ್ರ ಕೆರೆಯ ಕಡೆ ನಡೆದಾಡುವವರಲ್ಲಿ ನಿವೃತ್ತರು ಬಹಳ. ಜಾಲಹಳ್ಳಿಯ ಕಾರ್ಖಾನೆಗಳಲ್ಲಿ ದುಡಿದು ಬಿಇಎಲ್ ಬಡಾವಣೆಯ ಸುತ್ತಮುತ್ತ ಮನೆ ಮಾಡಿಕೊಂಡ ಕುಟುಂಬಗಳು ಇಲ್ಲಿ ಹಲವು. ಆ ವಯಸ್ಸಿನವರು ನಾಲ್ಕು ಜನ ಸೇರಿದರೆ ಮಾತು ಮಂಡಿ ನೋವಿಗೋ ಸೊಂಟದ ನೋವಿಗೋ ಬಂದು ನಿಲ್ಲುತ್ತದೆ. ಜೈನ ಮನೆಗಳಲ್ಲಿ ಆ ಮಾತಿಗೆ ಇನ್ನೊಂದಿಷ್ಟು ಸೇರಿಕೊಳ್ಳುತ್ತದೆ. ಸಾಮಾಯಿಕಕ್ಕೆ ನೆಲದ ಮೇಲೆ ಕುಳಿತರೆ ಏಳಲು ಗೋಡೆ ಹಿಡಿಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಈ ವರ್ಷ ಹತ್ತಲಾದೀತೇ ಎಂಬ ಚಿಂತೆ. ನೋವಿನ ಮಾತ್ರೆ ಹೊಟ್ಟೆಗೆ ಒಗ್ಗುವುದಿಲ್ಲ. ಕ್ಯಾಪ್ಸೂಲ್ ಎಂದರೆ ಅದರ ಹೊದಿಕೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜಿಲಾಟಿನ್ ಇರಬಹುದೆಂಬ ಅಳುಕು. ಹೀಗಿರುವಾಗ ಯಾರಾದರೂ ‘ಅಕ್ಯುಪಂಕ್ಚರ್ ಮಾಡಿಸಿ, ಅದರಲ್ಲಿ ನುಂಗುವುದು ಏನೂ ಇಲ್ಲ’ ಎಂದರೆ ಮನಸ್ಸು ಅತ್ತ ವಾಲುವುದು ಸಹಜ.

ಆ ಮಾತು ಬಹುಮಟ್ಟಿಗೆ ನಿಜವೇ. ಈ ಚಿಕಿತ್ಸೆಯಲ್ಲಿ ಬಳಸುವುದು ಕೂದಲಿಗಿಂತ ತುಸು ದಪ್ಪನೆಯ ಉಕ್ಕಿನ ಸೂಜಿ. ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ, ಅದರ ಮೂಲಕ ಯಾವ ದ್ರವವೂ ಮೈ ಸೇರುವುದಿಲ್ಲ. ಆಯ್ದ ಜಾಗಗಳಲ್ಲಿ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಸಾಮಾನ್ಯವಾಗಿ 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ಚುಚ್ಚಿದಾಗ ಇರುವೆ ಕಚ್ಚಿದಷ್ಟು ನೋವು, ಆಮೇಲೆ ಆ ಜಾಗದಲ್ಲಿ ಭಾರ ಅಥವಾ ಜೋಮು ಹಿಡಿದಂತೆ ಅನಿಸುತ್ತದೆ. ಕೆಲವೆಡೆ ಸೂಜಿಗಳಿಗೆ ಸಣ್ಣ ವಿದ್ಯುತ್ ಪ್ರವಾಹ ಕೊಡುವುದೂ ಉಂಟು. ಒಂದು ಸಲಕ್ಕೆ ಮುಗಿಯುವ ಚಿಕಿತ್ಸೆ ಇದಲ್ಲ. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹತ್ತು ಸಲ ಹೋಗಬೇಕಾಗುತ್ತದೆ.

ಹುಟ್ಟಿದ್ದು ಚೀನಾದಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ. ದೇಹದಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ನಿರ್ದಿಷ್ಟ ಮಾರ್ಗಗಳಲ್ಲಿ ಹರಿಯುತ್ತದೆ, ಅದು ತಡೆದಲ್ಲಿ ನೋವು ಎಂಬುದು ಅದರ ಮೂಲ ತತ್ವ. ಈ ಮಾರ್ಗಗಳ ಮೇಲೆ 361 ಬಿಂದುಗಳನ್ನು ಗುರುತಿಸುತ್ತಾರೆ.

ಭಾರತಕ್ಕೆ ಅದು ಬಂದ ಕಥೆಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಊರೊಂದಿದೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅವರಲ್ಲಿ ಒಬ್ಬರು ಡಾ. ದ್ವಾರಕಾನಾಥ ಕೋಟ್ನಿಸ್. ಗಡಿಯಾಚೆಗಿದ್ದರೂ ಕನ್ನಡದ ಮನೆಗಳು ತುಂಬಿದ, ಜೀವರಾಜ ಜೈನ ಗ್ರಂಥಮಾಲೆಯಿಂದ ನಮ್ಮ ಓದುಗರಿಗೂ ಗೊತ್ತಿರುವ ಸೊಲ್ಲಾಪುರ ಅವರ ಊರು. ಗಾಯಾಳುಗಳ ಸೇವೆಯಲ್ಲೇ 1942ರಲ್ಲಿ ಅವರು ಚೀನಾದಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಕಲ್ಕತ್ತೆಯ ಡಾ. ಬಿಜೊಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು, 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಪಶ್ಚಿಮ ಬಂಗಾಳ 1996ರಲ್ಲೇ ಈ ಚಿಕಿತ್ಸೆಗೆಂದು ಕಾನೂನು ಮಾಡಿದ್ದರ ಹಿಂದೆ ಈ ಪರಂಪರೆ ಇದೆ. ಕೇಂದ್ರ ಆರೋಗ್ಯ ಸಚಿವಾಲಯ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದ್ದು 2019ರ ಫೆಬ್ರುವರಿಯಲ್ಲಿ.

ಅಮೆರಿಕದವರಿಗೆ ಇದು ದೊಡ್ಡ ಸುದ್ದಿಯಾದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಯಿತು. ನಂತರದ ಹೊಟ್ಟೆ ಉಬ್ಬರದ ಸಂಕಟಕ್ಕೆ ಸೂಜಿ ಚುಚ್ಚಿದರು. ಅವರು ಬರೆದದ್ದು ಇಷ್ಟೇ. ಬಾಯಿಂದ ಬಾಯಿಗೆ ಹೋಗುತ್ತ ಅದು ‘ಅರಿವಳಿಕೆಯೇ ಇಲ್ಲದೆ ಬರೀ ಸೂಜಿಯಿಂದ ಆಪರೇಷನ್’ ಎಂದಾಯಿತು. ಆಪರೇಷನ್‌ಗೆ ಕೊಟ್ಟದ್ದು ಮಾಮೂಲಿ ಅರಿವಳಿಕೆಯನ್ನೇ. ಅಕ್ಯುಪಂಕ್ಚರ್ ಬಗ್ಗೆ ಕೇಳಿಬರುವ ಬಹಳಷ್ಟು ಪವಾಡಗಳ ಕಥೆ ಹೀಗೆಯೇ ಬೆಳೆದದ್ದು.

ಹಾಗಾದರೆ ನಿಜವಾಗಿ ಯಾವುದಕ್ಕೆ ಉಪಯೋಗ? ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಯಾಗಿರುವುದು ಬಹುಕಾಲದ ನೋವಿನಲ್ಲಿ. ಸೊಂಟ, ಕುತ್ತಿಗೆ, ಮಂಡಿ, ತಲೆನೋವುಗಳ 39 ಅಧ್ಯಯನಗಳಿಂದ 20,000ಕ್ಕೂ ಹೆಚ್ಚು ರೋಗಿಗಳ ವಿವರ ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಏನೂ ಮಾಡಿಸದವರಿಗಿಂತ ಅಕ್ಯುಪಂಕ್ಚರ್ ಮಾಡಿಸಿದವರಿಗೆ ನೋವು ಸಾಕಷ್ಟು ಕಡಿಮೆಯಾಗಿತ್ತು. ಆದರೆ ಹುಸಿ ಚಿಕಿತ್ಸೆಗೆ ಹೋಲಿಸಿದರೆ ವ್ಯತ್ಯಾಸ ಸಣ್ಣದು. ಹುಸಿ ಚಿಕಿತ್ಸೆ ಎಂದರೆ ಚುಚ್ಚಿದಂತೆ ಅನಿಸಿದರೂ ಚರ್ಮದೊಳಗೆ ಹೋಗದ ಸೂಜಿ, ಇಲ್ಲವೇ ಬಿಂದುವಲ್ಲದ ಜಾಗದಲ್ಲಿ ಮೇಲುಮೇಲಕ್ಕೆ ಚುಚ್ಚುವುದು. ಮೈಗ್ರೇನ್ ತಲೆನೋವಿನಲ್ಲೂ ಇದೇ ಚಿತ್ರ. 2016ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಅಕ್ಯುಪಂಕ್ಚರ್ ಸೇರಿಸಿಕೊಂಡ ನೂರರಲ್ಲಿ 41 ಜನರಿಗೆ ತಲೆನೋವು ಬರುವ ದಿನಗಳು ಅರ್ಧಕ್ಕಿಳಿದವು, ಮಾಮೂಲಿ ಉಪಚಾರದಲ್ಲಿದ್ದವರಲ್ಲಿ 17 ಜನರಿಗೆ. ಹುಸಿ ಸೂಜಿಯ ಎದುರು ನಿಲ್ಲಿಸಿದಾಗ ಅಂತರ 50ಕ್ಕೆ 41 ಮಾತ್ರ.

ಇದನ್ನು ಓದಿ ‘ಬರೀ ಮನಸ್ಸಿನ ಸಮಾಧಾನ’ ಎಂದು ತಳ್ಳಿಹಾಕುವುದೂ ಅವಸರವೇ. ಸೂಜಿ ಚುಚ್ಚಿದಾಗ ನರಗಳು ಕೆರಳಿ ಮಿದುಳು ಎಂಡಾರ್ಫಿನ್ ಎಂಬ ತನ್ನದೇ ನೋವುಶಾಮಕವನ್ನು ಬಿಡುಗಡೆ ಮಾಡುತ್ತದೆ ಎಂಬುದಕ್ಕೆ 1970ರ ದಶಕದಿಂದಲೇ ಪ್ರಯೋಗಗಳ ಆಧಾರವಿದೆ. ‘ಚಿ’ ಹರಿಯುವ ಮಾರ್ಗಗಳು ಮಾತ್ರ ಅಂಗರಚನೆಯ ಯಾವ ಪರೀಕ್ಷೆಯಲ್ಲೂ ಕಂಡಿಲ್ಲ. ತತ್ವ ಒಪ್ಪಿದವರಿಗೂ ಒಪ್ಪದವರಿಗೂ ನೋವು ಇಳಿದರೆ ಇಳಿದದ್ದೇ. ಆದರೆ ಎಷ್ಟು ಇಳಿಯುತ್ತದೆ ಎಂಬ ನಿರೀಕ್ಷೆ ಅಳತೆಯಲ್ಲಿರಬೇಕು. ಮಂಡಿ ಸವೆತದ ವಿಷಯದಲ್ಲಂತೂ ದೇಶಗಳೇ ಒಮ್ಮತಕ್ಕೆ ಬಂದಿಲ್ಲ. ಜರ್ಮನಿಯಲ್ಲಿ 2006ರ ನಿರ್ಧಾರದಂತೆ ಮಂಡಿ ಸವೆತದ ನೋವಿಗೂ ಬಹುಕಾಲದ ಸೊಂಟನೋವಿಗೂ ಸಾರ್ವಜನಿಕ ಆರೋಗ್ಯ ವಿಮೆ ಅಕ್ಯುಪಂಕ್ಚರ್ ವೆಚ್ಚ ಭರಿಸುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಸಂಧಿ ಸವೆತಕ್ಕೆ ಇದನ್ನು ಕೊಡಬೇಡಿ ಎಂದಿದೆ. ಸವೆದ ಮೃದ್ವಸ್ಥಿಯನ್ನು ಸೂಜಿ ಮತ್ತೆ ಬೆಳೆಸುವುದಿಲ್ಲ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಇವುಗಳ ಜೊತೆಗೆ ನೋವು ತಗ್ಗಿಸುವ ಸಹಾಯಕವಾಗಿ ಅದನ್ನು ನೋಡುವುದು ಸರಿ.

ವಾಕರಿಕೆ ಇನ್ನೊಂದು ಗಟ್ಟಿ ಉಪಯೋಗ. ಮುಂಗೈ ಒಳಭಾಗದಲ್ಲಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಒಂದು ಬಿಂದುವಿದೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿಯನ್ನು ಈ ಬಿಂದು ಪ್ರಚೋದಿಸುವುದರಿಂದ ತಗ್ಗಿಸಬಹುದು ಎಂಬುದು ಹಲವಾರು ಅಧ್ಯಯನಗಳಲ್ಲಿ ಕಂಡಿದೆ. ಇದಕ್ಕೆ ಸೂಜಿಯೇ ಬೇಕೆಂದಿಲ್ಲ, ಹೆಬ್ಬೆರಳಿನಿಂದ ಒತ್ತಿದರೂ ನಡೆಯುತ್ತದೆ. ಧರ್ಮಸ್ಥಳಕ್ಕೋ ಮೂಡಬಿದಿರೆಗೋ ಹೊರಟ ಬಸ್ಸು ಚಾರ್ಮಾಡಿ ಘಾಟಿಯ ತಿರುವು ಇಳಿಯುವಾಗ ಬರುವ ವಾಂತಿಗೆ ಇದು ಫಲ ಕೊಡುತ್ತದೆಯೇ ಎಂಬ ಬಗ್ಗೆ ಫಲಿತಾಂಶಗಳು ಎರಡೂ ಕಡೆಗಿವೆ. ಒತ್ತಿ ನೋಡುವುದರಿಂದ ನಷ್ಟವೇನಿಲ್ಲ.

ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತದೊತ್ತಡ ‘ಬೇರುಸಹಿತ ವಾಸಿ’ ಎಂಬ ಜಾಹೀರಾತುಗಳು ಬೇರೆಯೇ ಮಾತು. ಸೂಜಿ ಶುರುವಾಯಿತೆಂದು ಬಿ.ಪಿ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸಿದರೆ ಆಗುವ ಹಾನಿ ಯಾವ ಮಂಡಿ ನೋವಿಗಿಂತಲೂ ದೊಡ್ಡದು. ಎದೆನೋವು, ಒಂದೇ ಸಮನೆ ಇಳಿಯುವ ತೂಕ, ರಾತ್ರಿ ಎಬ್ಬಿಸುವ ಬೆನ್ನುನೋವು, ಕಾಲಿನ ಬಲ ಕುಂದುವುದು, ಇವಕ್ಕೆ ಮೊದಲು ಆಸ್ಪತ್ರೆಯಲ್ಲಿ ಕಾರಣ ತಿಳಿಯಬೇಕು. ನೋವು ಮರೆಯಾದರೆ ರೋಗವೂ ಮರೆಯಾಗಿ ಬೆಳೆಯುವ ಅಪಾಯವಿದೆ.

ಯಾರ ಬಳಿ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಕರ್ನಾಟಕದಲ್ಲಿ ಸುಲಭವಾಗಿ ಪರಿಶೀಲಿಸಬಹುದಾದ ದಾರಿ ಬಿ.ಎನ್.ವೈ.ಎಸ್. ಪದವೀಧರರದ್ದು. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಈ ವೈದ್ಯಕೀಯ ಪದವಿ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅಕ್ಯುಪಂಕ್ಚರ್ ಅದರ ಪಠ್ಯದೊಳಗಿದೆ. ನಾಡಿನಲ್ಲಿ ಈ ಓದಿಗೆ ನೆಲೆ ಕೊಟ್ಟದ್ದರಲ್ಲಿ ಧರ್ಮಸ್ಥಳದ ಪಾಲು ದೊಡ್ಡದು. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಉಜಿರೆಯ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಲ್ಲಿ ಆರಂಭವಾಯಿತು. ಅದೇ ಬಳಗದ ಕ್ಷೇಮವನ ನೆಲಮಂಗಲದ ಬಳಿ ಇದೆ. 1979ರಷ್ಟು ಹಿಂದಿನ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯವೂ ತುಮಕೂರು ರಸ್ತೆಯಲ್ಲೇ. ವಿದ್ಯಾರಣ್ಯಪುರದವರಿಗೆ ಎರಡೂ ಊರಿನ ಇದೇ ಮಗ್ಗುಲಿಗೆ. ಆದರೆ ಅವು ಉಳಿದುಕೊಂಡು ಚಿಕಿತ್ಸೆ ಪಡೆಯುವ ಜಾಗಗಳು. ವಾರಕ್ಕೆರಡು ಸಲ ಹೋಗಿಬರಲು ಬಡಾವಣೆಯ ಕ್ಲಿನಿಕ್ಕೇ ಅನುಕೂಲ. ಅಲ್ಲಿ ವೈದ್ಯರ ನೋಂದಣಿ ಸಂಖ್ಯೆಯನ್ನೂ ಕ್ಲಿನಿಕ್‌ಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಇದೆಯೇ ಎಂಬುದನ್ನೂ ಕೇಳಲು ಸಂಕೋಚ ಬೇಡ. ವಾರಾಂತ್ಯದ ಶಿಬಿರದಲ್ಲಿ ಕಲಿತು ಬೋರ್ಡು ಹಾಕಿದವರೂ ಇರುತ್ತಾರೆ.

ಸೂಜಿ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕು, ಬಳಸಿದ್ದನ್ನು ಕಣ್ಣೆದುರೇ ಬಿಸಾಡಬೇಕು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಹೋದರೆ ಹೆಪಟೈಟಿಸ್ ಬಿ ಹರಡಬಹುದು. ಹಾಗೆ ಹರಡಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಚುಚ್ಚಿದಲ್ಲಿ ಒಂದು ಹನಿ ರಕ್ತ, ಸಣ್ಣ ಕಂದು ಸಾಮಾನ್ಯ. ಎದೆಯ ಭಾಗದಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ಪೆಟ್ಟಾಗುವ ಅಪರೂಪದ ಅಪಾಯವುಂಟು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಕಾಲಿನ ಬಳಿ ಸೊಪ್ಪಿನ ಬತ್ತಿ ಸುಟ್ಟು ಶಾಖ ಕೊಡುವ ‘ಮಾಕ್ಸಾ’ ಬೇಡವೇ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ಈಗ ಮೊದಲಿನ ಮಾತಿಗೆ ಬರಬೇಕು, ನುಂಗುವುದು ಏನೂ ಇಲ್ಲ ಎಂಬುದಕ್ಕೆ. ಸೂಜಿಯ ಮಟ್ಟಿಗೆ ಅದು ಸರಿ. ಆದರೆ ಕೆಲವರು ಸೂಜಿಯ ಜೊತೆ ಚೀನೀ ಗುಳಿಗೆ, ಪುಡಿಗಳನ್ನೂ ಕೊಡುತ್ತಾರೆ. ಚೀನೀ ಔಷಧಗಳಲ್ಲಿ ಕತ್ತೆಯ ಚರ್ಮದ ಅಂಟು, ಜಿಂಕೆಯ ಕೊಂಬು, ಎರೆಹುಳು ಸೇರುವುದುಂಟು. ಹೆಸರು ಗಿಡಮೂಲಿಕೆ ಎಂದಿದ್ದರೂ ಪೂರ್ತಿ ಪದಾರ್ಥಗಳ ಪಟ್ಟಿ ಕೇಳಿ ನೋಡಬೇಕು. ಜೇನುನೊಣದ ವಿಷವನ್ನು ಬಿಂದುಗಳಿಗೆ ಕೊಡುವ ಪದ್ಧತಿಯೂ ಒಂದಿದೆ. ಜೀವಂತ ನೊಣದಿಂದ ಕಚ್ಚಿಸಿದರೆ ಅದು ಸಾಯುತ್ತದೆ, ಕಚ್ಚಿಸಿಕೊಂಡವರಿಗೂ ತೀವ್ರ ಅಲರ್ಜಿಯ ಅಪಾಯ. ಮಾಕ್ಸಾದ ಬತ್ತಿ ಮಾಚಿಪತ್ರೆಯ ಜಾತಿಯ ಸಸ್ಯದ್ದು, ಕಿವಿಗೆ ಅಂಟಿಸುವ ಕಾಳು ಬೀಜವೇ. ಅವುಗಳ ಬಗ್ಗೆ ಈ ಆತಂಕ ಬೇಡ.

ಹೆಚ್ಚಿನವರು ಯೋಚಿಸದೆ ಬಿಡುವುದು ಉಪವಾಸವನ್ನು. ಹಸಿದ, ದಣಿದ ಮೈಗೆ ಸೂಜಿ ಚುಚ್ಚಬಾರದು ಎಂಬುದು ಈ ಚಿಕಿತ್ಸೆ ಕಲಿಯುವವರಿಗೆ ಹೇಳಿಕೊಡುವ ಮೊದಲ ಎಚ್ಚರಗಳಲ್ಲಿ ಒಂದು. ಖಾಲಿ ಹೊಟ್ಟೆಯಲ್ಲಿ ರಕ್ತದೊತ್ತಡ ಕುಸಿದು ತಲೆ ಸುತ್ತಿ, ಬೆವರಿ, ಪ್ರಜ್ಞೆ ತಪ್ಪಬಹುದು. ನೀರೂ ಮುಟ್ಟದ ಉಪವಾಸದಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಮೊದಲ ಒಂದೆರಡು ಸಲ ಹೋಗುವವರಲ್ಲಿ, ಅದೂ ಕುಳಿತು ಚುಚ್ಚಿಸಿಕೊಂಡಾಗ, ಇದು ಜಾಸ್ತಿ. ‘ಉಪವಾಸದ ದಿನ ಮಾತ್ರೆ ನುಂಗುವಂತಿಲ್ಲ, ಸೂಜಿಯಾದರೂ ಮಾಡಿಸೋಣ’ ಎಂದು ಹಿರಿಯರು ಅದೇ ದಿನವನ್ನು ಆರಿಸಿಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ.

ಪರ್ಯೂಷಣದ ಎಂಟು ದಿನ, ದಶಲಕ್ಷಣದ ಹತ್ತು ದಿನ, ಅಷ್ಟಮಿ ಚತುರ್ದಶಿಗಳನ್ನು ಮೊದಲೇ ವೈದ್ಯರಿಗೆ ತಿಳಿಸಿದರೆ ಸರದಿಯನ್ನು ಹಿಂದೆಮುಂದೆ ಮಾಡಿಕೊಡುತ್ತಾರೆ. ನಡುವೆ ಒಂದು ವಾರ ತಪ್ಪಿದರೆ ಬಹುಕಾಲದ ನೋವಿನ ಚಿಕಿತ್ಸೆ ಕೆಡುವುದಿಲ್ಲ. ಒಪ್ಪೊತ್ತು ಮಾಡುವವರು ಊಟವಾದ ಒಂದೆರಡು ಗಂಟೆಯೊಳಗಿನ ಸಮಯ ಕೇಳಬೇಕು. ದೀರ್ಘ ಉಪವಾಸದ ಪಾರಣೆಯ ದಿನವೂ ಬೇಡ. ರಾತ್ರಿ ಭೋಜನ ತ್ಯಾಗದ ಮನೆಗಳಲ್ಲಿ, ಕ್ಲಿನಿಕ್ಕಿನ ಸಂಜೆ ಏಳೂವರೆಯ ಸಮಯಕ್ಕೆ ಹೊರಡುವವರು ಸೂರ್ಯಾಸ್ತಕ್ಕೆ ಮುಂಚೆ ಊಟ, ನೀರು ಮುಗಿಸಿಯೇ ಹೊರಡಲಿ. ಅಲ್ಲಿ ತಲೆ ಸುತ್ತಿದರೆ ಮೊದಲು ಸೂಜಿ ತೆಗೆದು ಮಲಗಿಸಿ ಕಾಲು ಎತ್ತರಿಸುತ್ತಾರೆ, ಆಮೇಲೆ ಕುಡಿಯಲು ಕೊಡುವುದು ಸಕ್ಕರೆ ನೀರು. ಸೂರ್ಯ ಮುಳುಗಿದ ಮೇಲೆ ಅದನ್ನು ಕುಡಿಯುವುದೋ ಬಿಡುವುದೋ ಎಂಬ ಇಕ್ಕಟ್ಟು ಬೇಡವೆಂದರೆ ಬೆಳಗಿನ ತಿಂಡಿಯ ನಂತರದ ಸಮಯವೇ ಒಳ್ಳೆಯದು.