ಕಾಡಿಗೆ 30 ವರ್ಷ ಗೊಬ್ಬರ ಹಾಕಿದ್ರು, ಹಳ್ಳದ ನೀರು ಏನಾಯ್ತು?

ಅಡಿಕೆ ತೋಟಕ್ಕೆ ಯಾಕೆ ಸುಣ್ಣ ಹಾಕ್ತೀರಿ ಅಂದ್ರೆ ಮಲೆನಾಡಿನ ಬೆಳೆಗಾರರು ಹೇಳೋದು ಒಂದೇ: ಮಣ್ಣಿನ ಹುಳಿ ಕಡಿಮೆ ಮಾಡೋಕೆ. ಜೋರು ಮಳೆ ಇದಕ್ಕೆ ಒಂದು ಕಾರಣವಾದರೆ, ವರ್ಷಗಟ್ಟಲೆ ಹಾಕುವ ಯೂರಿಯಾ, ಅಮೋನಿಯಂ ಗೊಬ್ಬರ ಇನ್ನೊಂದು. ತೋಟಕ್ಕೇನೋ ಸುಣ್ಣ ಹಾಕಬಹುದು. ಕಾಡಿನ ಮಣ್ಣು ಹುಳಿಯಾದ್ರೆ?

ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಫರ್ನೋ ಪ್ರಾಯೋಗಿಕ ಅರಣ್ಯದಲ್ಲಿ ಇದನ್ನ ಮಾಡಿಯೇ ನೋಡಿದ್ದಾರೆ. ಒಂದೇ ಹಳ್ಳಕ್ಕೆ ನೀರು ಹರಿಯುವ 34 ಹೆಕ್ಟೇರ್ ಕಾಡಿನ ಮೇಲೆ 1989ರಿಂದ ಸುಮಾರು 30 ವರ್ಷ, ವರ್ಷಕ್ಕೆ ಮೂರು ಸಲ ಆಕಾಶದಿಂದ ಅಮೋನಿಯಂ ಸಲ್ಫೇಟ್ ಸುರಿದರು. ಹೆಕ್ಟೇರಿಗೆ ವರ್ಷಕ್ಕೆ 35 ಕೆ.ಜಿ. ಸಾರಜನಕ. ನಮ್ಮ ಲೆಕ್ಕದಲ್ಲಿ ಎಕರೆಗೆ ಮುಕ್ಕಾಲು ಮೂಟೆ ಯೂರಿಯಾಕ್ಕಿಂತಲೂ ಕಡಿಮೆ! ವಾಹನ, ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿರೋ ಸಾರಜನಕ, ಗಂಧಕ ಮಳೆ ಜೊತೆ ಕಾಡಿಗೆ ಇಳಿಯುತ್ತಲ್ಲ, ಅದು ಹೆಚ್ಚಾದರೆ ಏನಾಗುತ್ತೆ ಅಂತ ತಿಳಿಯೋದು ಉದ್ದೇಶ.

ಮರ, ಸೂಕ್ಷ್ಮಜೀವಿ ಎಲ್ಲ ಹೀರಿಕೊಂಡು ಮಿಕ್ಕಿದ್ದು ನೈಟ್ರೇಟ್ ಆಗಿ ಹಳ್ಳಕ್ಕೆ ಇಳಿಯಿತು. ನೈಟ್ರೇಟ್ ಮಣ್ಣಲ್ಲಿ ನಿಲ್ಲೋ ಜಾತಿಯಲ್ಲ. ಒಂಟಿಯಾಗೂ ಹೋಗಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳ್ಕೊಂಡೇ ಹೋಗುತ್ತೆ. ಗಂಧಕದ ಭಾಗವೂ ಇದೇ ಕೆಲಸ ಮಾಡಿತು. ನಾವು ಸುಣ್ಣದ ರೂಪದಲ್ಲಿ ತೋಟಕ್ಕೆ ಹಾಕೋದೂ ಇದೇ ಕ್ಯಾಲ್ಸಿಯಂ. ಅದು ತೊಳೆದು ಹೋದಂತೆಲ್ಲ ಮಣ್ಣು ಹುಳಿ, ಹಳ್ಳದ ನೀರೂ ಹುಳಿ. ಮಣ್ಣು ತೀರಾ ಹುಳಿಯಾದರೆ ಅಲ್ಯೂಮಿನಿಯಂ ಕರಗಿ ಹೊರಬರುತ್ತೆ, ಅದು ಬೇರಿಗೂ ಮೀನಿಗೂ ವಿಷ.

ನನಗೆ ಭಯ ಆಗಿದ್ದು ಇದಕ್ಕಲ್ಲ. ಹೋಲಿಕೆಗೆ ಅಂತ ಏನೂ ಹಾಕದೆ ಬಿಟ್ಟಿದ್ದ ಪಕ್ಕದ ಕಾಡಿನ ಹಳ್ಳದಲ್ಲೂ ನೈಟ್ರೇಟ್ ಸೋರುತ್ತಿತ್ತು. ಬರೀ ಗಾಳಿ, ಮಳೆಯಿಂದ ಬಂದಿದ್ದೇ ಆ ಕಾಡಿಗೆ ಹೆಚ್ಚಾಗಿತ್ತು.

ನಮ್ಮಲ್ಲಿ ಕಾಡು, ಸೊಪ್ಪಿನ ಬೆಟ್ಟ ಮೇಲೆ, ತೋಟ ಕೆಳಗೆ. ಹಾಗಾಗಿ ತೋಟದ ನೈಟ್ರೇಟ್ ಕಾಡಿಗೆ ಹತ್ತಲ್ಲ, ಹಳ್ಳಕ್ಕೂ ಬಾವಿಗೂ ಇಳಿಯುತ್ತೆ. ಆದರೆ ಮೇಲ್ಮೇಲೆ ಚೆಲ್ಲಿದ ಯೂರಿಯಾದಿಂದ ಅಮೋನಿಯಾ ಗಾಳಿಗೆ ಏಳುತ್ತೆ, ಇನ್ನೆಲ್ಲೋ ಬೀಳುತ್ತೆ. ಅದಕ್ಕೇ ಗೊಬ್ಬರಕ್ಕೆ ಮಣ್ಣು ಮುಚ್ಚಿ, ಕಂತಿನಲ್ಲಿ ಹಾಕಿ, ಜಡಿಮಳೆ ಮುಂದಿದ್ದರೆ ಹಾಕಬೇಡಿ. ಹಾಕಿದ ದುಡ್ಡೂ ಉಳಿಯುತ್ತೆ.

ತೋಟದ ಕೆಳಗಿನ ಬಾವಿ ನೀರು ಕುಡಿಯೋರು ಒಮ್ಮೆ ಪರೀಕ್ಷೆ ಮಾಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಹಸುಗೂಸು ಇರೋ ಮನೆಯವರು ಇನ್ನೂ ಹುಷಾರು. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಜಾಸ್ತಿಯೇ ಆಗುತ್ತೆ.