ಜಾಲದ ಮೂಲಕ ತೆರೆದ ವಿಡಿಯೊ: ವಿವರ ಅಪೂರ್ಣವಾದರೆ ಕಡತ ಕೆಟ್ಟಿತೆಂದಲ್ಲ

ಮೊಬೈಲ್‌ನಲ್ಲಿ ಚಿತ್ರೀಕರಿಸಿದ ಮದುವೆ, ನಾಮಕರಣಗಳ ವಿಡಿಯೊಗಳನ್ನು ಮನೆಯ ಸರ್ವರ್‌ನಲ್ಲಿ ಸಂಗ್ರಹಿಸಿ, ಟಿ.ವಿ. ಅಥವಾ ಲ್ಯಾಪ್‌ಟಾಪ್‌ನಿಂದ ವೀಕ್ಷಿಸುವ ಪರಿಪಾಠ ಈಗ ಅಪರೂಪವೇನಲ್ಲ. ಆದರೆ ಹಾಗೆ ತೆರೆದಾಗ ಒಮ್ಮೊಮ್ಮೆ ಅವಧಿ ಸೊನ್ನೆಯೆಂದು ಕಾಣಿಸುತ್ತದೆ. ಚಿತ್ರವಿದ್ದರೂ ಧ್ವನಿಯ ವಿವರ ಇರುವುದಿಲ್ಲ. ಕಡತವೇ ಕೆಟ್ಟಿದೆಯೆಂದು ತಿಳಿದು ಅದನ್ನು ಅಳಿಸಿಹಾಕುವುದು ದುಡುಕಾದೀತು. ಅನೇಕ ವೇಳೆ ದೋಷವಿರುವುದು ಕಡತದಲ್ಲಲ್ಲ, ಅದನ್ನು ಓದಿದ ಕ್ರಮದಲ್ಲಿ.

ಕೊನೆಯ ಪುಟದ ಪರಿವಿಡಿ

ಎಂಪಿ4 ಕಡತದಲ್ಲಿ ಎರಡು ಪ್ರಧಾನ ಭಾಗಗಳಿವೆ. ಚಿತ್ರ ಮತ್ತು ಧ್ವನಿಯ ದತ್ತಾಂಶವಿರುವುದು ‘ಎಂಡ್ಯಾಟ್’ ಭಾಗದಲ್ಲಿ. ಅವಧಿ ಎಷ್ಟು, ಯಾವ ತುಣುಕು ಎಲ್ಲಿದೆ ಎಂಬ ಸೂಚಿ ಇರುವುದು ‘ಮೂವ್’ ಭಾಗದಲ್ಲಿ. ಚಿತ್ರೀಕರಣ ಮುಗಿಯುವ ತನಕ ಈ ವಿವರಗಳು ಪೂರ್ಣವಾಗಿ ತಿಳಿಯದ ಕಾರಣ ಕ್ಯಾಮೆರಾಗಳು ಸಾಮಾನ್ಯವಾಗಿ ಸೂಚಿಯನ್ನು ಕಡತದ ಕೊನೆಯಲ್ಲಿ ಬರೆಯುತ್ತವೆ.

ಕಡತವು ಅದೇ ಗಣಕಯಂತ್ರದಲ್ಲಿದ್ದರೆ ತಂತ್ರಾಂಶವು ನೇರವಾಗಿ ಕೊನೆಗೆ ಹೋಗಿ ಸೂಚಿಯನ್ನು ಓದುತ್ತದೆ. ಎಚ್‌ಟಿಟಿಪಿ ಮೂಲಕ ತರಿಸುವಾಗ, ನಿರ್ದಿಷ್ಟ ಭಾಗವನ್ನಷ್ಟೇ ಕಳುಹಿಸೆಂಬ ಕೋರಿಕೆಯನ್ನು ಸರ್ವರ್ ಮನ್ನಿಸಬೇಕಾಗುತ್ತದೆ. ಮನ್ನಿಸಿದರೆ 206 ಎಂಬ ಸಂಕೇತ ಬರುತ್ತದೆ. 200 ಬಂದರೆ ಇಡೀ ಕಡತ ಮೊದಲಿನಿಂದ ಬರುತ್ತಿದೆಯೆಂದರ್ಥ. ಆಗ ಸೂಚಿ ತಲುಪುವ ಮುನ್ನವೇ ತಂತ್ರಾಂಶವು ಪರಿಶೀಲನೆಯನ್ನು ಕೈಬಿಡುವ ಸಂಭವವುಂಟು.

ಓದಿಗೂ ಮಿತಿ

ಕಡತಗಳ ವಿವರ ತಿಳಿಸುವ ‘ಎಫ್‌ಎಫ್‌ಪ್ರೋಬ್’ ತಂತ್ರಾಂಶವು ಪರಿಶೀಲನೆಗೆ ಓದುವ ದತ್ತಾಂಶದ ಪ್ರಮಾಣಕ್ಕೆ 50 ಲಕ್ಷ ಬೈಟ್‌ಗಳ ಪೂರ್ವನಿಗದಿತ ಮಿತಿಯಿದೆ. ತಡವಾಗಿ ಆರಂಭವಾಗುವ ಧ್ವನಿ ಅಥವಾ ಅಡಿಬರಹ ಈ ಮಿತಿಯೊಳಗೆ ಸಿಗದಿದ್ದರೆ ವಿವರ ಅಪೂರ್ಣವಾಗುತ್ತದೆ. ‘ಪ್ರೋಬ್‌ಸೈಜ್’ ಮತ್ತು ‘ಅನಲೈಜ್‌ಡ್ಯುರೇಷನ್’ ಆಯ್ಕೆಗಳ ಮೌಲ್ಯವನ್ನು ಹೆಚ್ಚಿಸುವುದು ಇದಕ್ಕೆ ಪರಿಹಾರ. ಇನ್ನು ಎಂಪೆಗ್-ಟಿಎಸ್ ಮಾದರಿಯಲ್ಲಿ ಒಟ್ಟು ಅವಧಿ ನಮೂದಾಗಿರುವುದೇ ಇಲ್ಲ. ಆದಿ ಮತ್ತು ಅಂತ್ಯದ ಕಾಲಸೂಚಕಗಳನ್ನು ಹೋಲಿಸಿಯೇ ಅದನ್ನು ಅಂದಾಜಿಸಬೇಕು.

ಪರೀಕ್ಷೆ ಹೇಗೆ?

* ಮೂಲ ಮತ್ತು ಸರ್ವರ್‌ನಲ್ಲಿರುವ ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿ ಹೋಲಿಸಿ. ವ್ಯತ್ಯಾಸವಿದ್ದರೆ ನಕಲು ಪೂರ್ಣಗೊಂಡಿಲ್ಲ.

* ಗಾತ್ರ ಸರಿಯಿದ್ದರೆ, ಕಡತವನ್ನು ಸ್ವಂತ ಗಣಕಯಂತ್ರಕ್ಕೆ ಇಳಿಸಿಕೊಂಡು ಮತ್ತೆ ಪರಿಶೀಲಿಸಿ. ಇಲ್ಲಿ ವಿವರ ಪೂರ್ಣವಾಗಿ ಕಂಡರೆ ಕಡತ ಸುಸ್ಥಿತಿಯಲ್ಲಿದೆ.

* ಅಂಥ ಕಡತದ ಸೂಚಿಯನ್ನು ‘ಎಫ್‌ಎಫ್‌ಎಂಪೆಗ್’ ತಂತ್ರಾಂಶದ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆಯಿಂದ ಆರಂಭಕ್ಕೆ ತರಬಹುದು. ಚಿತ್ರವನ್ನು ಮರುಸಂಕೇತಿಸದೆ ನಕಲಿಸಿದರೆ ಗುಣಮಟ್ಟ ಕುಂದುವುದಿಲ್ಲ.

* ಇಳಿಸಿಕೊಂಡ ಪ್ರತಿಯೂ ತೆರೆಯದಿದ್ದರೆ, ಬ್ಯಾಟರಿ ಮುಗಿದೋ ಮತ್ತಾವ ಕಾರಣದಿಂದಲೋ ಚಿತ್ರೀಕರಣ ಅರ್ಧಕ್ಕೆ ನಿಂತು, ಸೂಚಿ ಬರೆಯದೇ ಉಳಿದಿರಬಹುದು.

ಈ ಕೊನೆಯ ಸ್ಥಿತಿಯಲ್ಲೂ ಆಸೆ ಬಿಡಬೇಕಿಲ್ಲ. ಅದೇ ಫೋನಿನಲ್ಲಿ, ಅದೇ ಆಯ್ಕೆಗಳಲ್ಲಿ ತೆಗೆದ ಇನ್ನೊಂದು ಸುಸ್ಥಿತಿಯ ವಿಡಿಯೊವನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಮರುರಚಿಸಲು ಯತ್ನಿಸುವ ‘ಅನ್‌ಟ್ರಂಕ್’ನಂಥ ಉಚಿತ ತಂತ್ರಾಂಶಗಳಿವೆ. ಇದಕ್ಕೆ ದತ್ತಾಂಶ ಉಳಿದಿರಬೇಕು. ಆದ್ದರಿಂದ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಫೋನಿನಲ್ಲಿರುವ ಮೂಲ ಪ್ರತಿಯನ್ನು ಅಳಿಸದಿರುವುದು ಕ್ಷೇಮ.